ಕಡವಿನ ಋಣ

ಹೊಳೆಯನ್ನು ದಾಟಿಸಿದವನ ಕೈಯಲ್ಲಿ ಕೂಲಿಯನ್ನಿಟ್ಟ ಬಳಿಕ ದಾಟಿದವನ ಮೇಲೆ ಇನ್ನೇನಾದರೂ ಋಣವು ಉಳಿಯುವುದೋ, ಇಲ್ಲವೋ? ಉಳಿಯುವುದಾದರೆ ಅದು ಯಾರಿಗೆ ಸಲ್ಲತಕ್ಕದ್ದು? ಪ್ರಶ್ನೆಯು ಕೇಳುವುದಕ್ಕೆ ಅಲ್ಪವಾಗಿ ತೋರುವುದು. ಸೇತುವೆಗಳ ಮೇಲೆ ವಾಹನಗಳು ನಿಲ್ಲದೆ ಓಡುವ ಈ ಕಾಲದಲ್ಲಿ ಕಡವಿನ ಮಾತನ್ನೆತ್ತುವುದೇ ಮುದುಕರ ಚಪಲವೆಂದು ಕೆಲವರು ನಗಲೂಬಹುದು. ಆದರೆ ಈ ಪ್ರಶ್ನೆಯು ನನಗೆ ಪುಸ್ತಕದಿಂದ ಬಂದುದಲ್ಲ. ನಾನೇ ಮಾಡಿದ ಒಂದು ಕೆಲಸದಿಂದ ಬಂದುದು. ಮೂವತ್ತೈದು ವರ್ಷಗಳಿಗೂ ಮಿಕ್ಕಿ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ಈಗ ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಶಬ್ದಗಳನ್ನು ವಿಚಾರಿಸೋಣ. ಅಮರಕೋಶವನ್ನು ಬಾಯಿಪಾಠ ಮಾಡಿದವರಿಗೆ ಕಡವಿನ ಕೂಲಿಗೆ ಆತರ, ತರಪಣ್ಯ ಎಂಬ ಎರಡು ಹೆಸರುಗಳಿರುವುದು ತಿಳಿದೇ ಇದೆ. ಎರಡೂ ದಾಟು ಎಂಬ ಅರ್ಥದ ತೃ ಧಾತುವಿನಿಂದ ಬಂದವು. ಎರಡನೆಯದರಲ್ಲಿ ಕ್ರಯ ವಿಕ್ರಯದ ವಾಸನೆಯು ಸ್ಪಷ್ಟವಾಗಿದೆ. ಆದರೆ ಅದೇ ಧಾತುವಿನಿಂದಲೇ ತೀರ್ಥವೆಂಬ ಶಬ್ದವೂ ಹುಟ್ಟಿರುವುದು. ತೀರ್ಥವೆಂದರೆ ಮೊದಲು ನೀರಿಗಿಳಿಯುವ, ನೀರನ್ನು ದಾಟುವ ಸ್ಥಳ, ಆಮೇಲೆ ಪುಣ್ಯಕ್ಷೇತ್ರ, ಇನ್ನೂ ಮುಂದುವರಿದು ಗುರು. ಒಬ್ಬ ಗುರುವಿನಲ್ಲಿ ಓದಿದವರು ಪರಸ್ಪರ ಸತೀರ್ಥ್ಯರೆನಿಸುವರು. ಹೀಗೆ ಒಂದೇ ಬೇರಿನ ಒಂದು ಕೊಂಬೆಯಲ್ಲಿ ಕೂಲಿಯೂ ಇನ್ನೊಂದು ಕೊಂಬೆಯಲ್ಲಿ ಪೂಜ್ಯತೆಯೂ ಫಲಿಸಿವೆ. ನನ್ನ ಪ್ರಶ್ನೆಯು ಈ ಎರಡು ಕೊಂಬೆಗಳ ನಡುವಿನದು.

ನಿವೃತ್ತನಾದ ಮೇಲೆ ಒಂದು ಮಾಘಮಾಸದಲ್ಲಿ ನನ್ನ ಹಳೆಯ ಶಿಷ್ಯನೊಬ್ಬನು ಮುಂಬಯಿಯಿಂದ ಬಂದಿದ್ದನು. "ಸಾರ್, ಕಡಲಕರೆಯ ದಾರಿಯಲ್ಲಿ ಉತ್ತರಕ್ಕೆ ಹೋಗಿ ಬರೋಣ, ನೀವೂ ಬನ್ನಿ" ಎಂದು ಒತ್ತಾಯಿಸಿ ತನ್ನ ಕಾರಿನಲ್ಲಿ ಕುಳ್ಳಿರಿಸಿದನು. ಬೆಳಕು ಹರಿಯುವುದಕ್ಕೆ ಮೊದಲೇ ಬೈಕಂಪಾಡಿಯಿಂದ ಹೊರಟೆವು. ನಮ್ಮೂರಿನ ಬೆಳಗ್ಗೆಂದರೆ ವಾಚಕರು ಹಕ್ಕಿಗಳ ಕಲರವವನ್ನು ಊಹಿಸಬಾರದು. ಕಾರ್ಖಾನೆಗಳ ಸದ್ದು, ಬಂದರಕ್ಕೆ ಹೋಗುವ ಲಾರಿಗಳ ಸಾಲು, ಅವುಗಳ ಹಿಂದಿನ ಧೂಳು. ಇವೆಲ್ಲದರ ಪಡುವಲಲ್ಲಿ ಮೀನಕಳಿಯದ ಕಡೆಯಿಂದ ಕಡಲಿನ ಮೊರೆತ. ಈ ಮೊರೆತವೊಂದೇ ನನ್ನ ಬಾಲ್ಯದಿಂದ ಬದಲಾಗದೆ ಉಳಿದಿರುವುದು.

ಸುರತ್ಕಲ್ಲು, ಮುಕ್ಕಗಳನ್ನು ದಾಟಿ ಪಾವಂಜೆಯಲ್ಲಿ ನಂದಿನಿಯನ್ನೂ, ಮೂಲ್ಕಿಯಲ್ಲಿ ಶಾಂಭವಿಯನ್ನೂ ದಾಟಿದೆವು. ದಾಟಿದೆವೆನ್ನುವುದು ರೂಢಿಯ ಮಾತು. ನಿಜವಾಗಿ ಹೇಳುವುದಾದರೆ ಹೊಳೆಗಳು ನಮ್ಮ ಗಮನಕ್ಕೆ ಬಂದುದೇ ಇಲ್ಲ. ಶಿಷ್ಯನು ತನ್ನ ಮಗನ ವಿದ್ಯಾಭ್ಯಾಸದ ವಿಷಯವನ್ನು ಹೇಳುತ್ತಿದ್ದಂತೆ ಶಾಂಭವಿಯು ಹಿಂದಾಯಿತು. ಕಾಪಿನಲ್ಲಿ 1901ರ ದೀಪಸ್ತಂಭವನ್ನು ದೂರದಿಂದ ನೋಡಿದೆವು. ಉದ್ಯಾವರದ ಹೊಳೆಯೂ ಹಾಗೆಯೇ ಕಳೆಯಿತು.

ಇದೇ ದಾರಿಯು ಹಿಂದೆ ಹೇಗಿತ್ತೆಂಬುದನ್ನು ನನ್ನ ಹಿರಿಯರು ಹೇಳುತ್ತಿದ್ದರು. 1914ರಲ್ಲಿ ಪ್ರಾರಂಭವಾದ ಸಿ.ಪಿ.ಸಿ. ಕಂಪೆನಿಯ ಮೋಟಾರುಗಳು ಈ ಸೀಮೆಯಲ್ಲಿ ಓಡತೊಡಗಿದ ಮೇಲೆಯೂ ಮಂಗಳೂರಿನಿಂದ ಉಡುಪಿಗೆ ಹೋಗುವವನು ಒಂದೇ ಆಸನದಲ್ಲಿ ಕುಳಿತು ಹೋಗುವಂತಿರಲಿಲ್ಲ. ಹೊಳೆ ಬಂದಲ್ಲಿ ಇಳಿಯಬೇಕು; ಗಂಟು ಮೂಟೆಗಳನ್ನು ಹೊತ್ತು ದೋಣಿಗೆ ಹತ್ತಬೇಕು; ಆಚೆಯ ದಡದಲ್ಲಿ ಬೇರೆ ಮೋಟಾರಿಗೆ ಕಾಯಬೇಕು. ನಮ್ಮ ಮನೆಗೆ ಸಮೀಪದ ಕೂಳೂರಿನ ಹಳೆಯ ಕಮಾನು ಸೇತುವೆಯೂ 1952ರದು. ಅದಕ್ಕೆ ಮೊದಲು ಅಲ್ಲಿ ಫಲ್ಗುಣಿ ಹೊಳೆಗೆ ದೋಣಿಯೇ ಗತಿ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಈಚೆಯವರು ಈಚೆಗೆ, ಆಚೆಯವರು ಆಚೆಗೆ. ಪ್ರಸವವೇದನೆಯ ಹೆಂಗಸನ್ನು ಮಂಚದ ಮೇಲೆ ಹೊತ್ತು ತಂದು ಕಡವಿನಲ್ಲಿ ಇಳಿಸಿ, ದೋಣಿಯು ಬಾರದೆ ರಾತ್ರಿ ಕಳೆದ ಕಥೆಗಳನ್ನು ಕೇಳಿದ್ದೇನೆ. ಆದುದರಿಂದ ಕಡವೇ ಚೆನ್ನಾಗಿತ್ತು, ಸೇತುವೆಯು ಬರಬಾರದಾಗಿತ್ತೆಂದು ಹೇಳುವವರ ಪಕ್ಷದವನು ನಾನಲ್ಲ. ಅಂಥವರು ಬಹುಶಃ ಕಡವಿನಲ್ಲಿ ಕಾದವರಲ್ಲ.

ಉಡುಪಿಯಿಂದ ಮಲ್ಪೆಗೆ ತಿರುಗಿ, ಅಲ್ಲಿಂದ ಹೂಡೆಯ ಮಾರ್ಗವಾಗಿ ಕೋಡಿಬೆಂಗ್ರೆಯ ಕಡೆಗೆ ಹೊರಟೆವು. ಈ ದಾರಿಯ ಸೊಬಗನ್ನು ಎಷ್ಟು ಹೇಳಿದರೂ ಸಾಲದು. ಎಡಗಡೆಯಲ್ಲಿ ಕಡಲು, ಬಲಗಡೆಯಲ್ಲಿ ಸುವರ್ಣಾನದಿ. ನಡುವೆ ತೆಂಗಿನ ತೋಟಗಳೂ ಬೆಸ್ತರ ಮನೆಗಳೂ ಒಣಗಲಿಟ್ಟ ಬಲೆಗಳೂ ಇರುವ ಒಂದು ಇಕ್ಕಟ್ಟಾದ ಮರಳ ಪಟ್ಟಿ. ಮುಂದೆ ಹೋದಷ್ಟೂ ನೆಲವು ಕಿರಿದಾಗುತ್ತ, ಕೊನೆಗೆ ಸೀತೆಯೂ ಸುವರ್ಣೆಯೂ ಕೂಡಿ ಕಡಲನ್ನು ಸೇರುವ ಅಳಿವೆಯಲ್ಲಿ ಮಾರ್ಗವು ನಿಂತುಹೋಗುವುದು. ಎದುರಿಗೆ ನೀರಿನಾಚೆ ಹಂಗಾರಕಟ್ಟೆ. ಕೂಗಿದರೆ ಕೇಳೀತೋ ಎಂಬಷ್ಟು ಸಮೀಪವಾಗಿ ಕಾಣುವ ಆ ಊರಿಗೆ ನೆಲದ ದಾರಿಯಲ್ಲಿ ಹೋಗಬೇಕಾದರೆ ಬಂದ ದಾರಿಯಲ್ಲೇ ಹಿಂದಿರುಗಿ, ಕೆಮ್ಮಣ್ಣು, ಸಂತೆಕಟ್ಟೆ, ಬ್ರಹ್ಮಾವರ, ಸಾಸ್ತಾನಗಳನ್ನು ಬಳಸಿಕೊಂಡು ಬರಬೇಕು. ನಾವು ಹೋದಾಗ ಅಲ್ಲಿ ಜನರನ್ನೂ ವಾಹನಗಳನ್ನೂ ದಾಟಿಸುವ ಬಾರ್ಜು ನಡೆಯುತ್ತಿತ್ತು.

ಕಾರು ಬಾರ್ಜಿಗೇರಿತು. ಎರಡು ಮೂರು ಬೈಕುಗಳು, ಮೀನಿನ ಬುಟ್ಟಿಯ ಹೆಂಗಸರು, ಶಾಲೆಯ ಮಕ್ಕಳು, ನಾವು. ಹಗ್ಗವನ್ನು ಬಿಚ್ಚಿ ಬಾರ್ಜು ದಡದಿಂದ ಹತ್ತು ಹನ್ನೆರಡು ಮಾರು ಸರಿದಿರಬಹುದು. ಅಷ್ಟರಲ್ಲಿ ಮರಳಿನ ಮೇಲೆ ಒಬ್ಬ ಮುದುಕನು ಕೈಯಲ್ಲಿ ಚೀಲವನ್ನು ಹಿಡಿದು ಓಡಿ ಬರುತ್ತಿರುವುದು ಕಂಡಿತು. ಓಡುವುದೆಂದರೆ, ಆ ವಯಸ್ಸಿನವರು ಓಡುವಂತೆ. ಬಾರ್ಜಿನವನು ಯಾರನ್ನೂ ಕೇಳಲಿಲ್ಲ, ಯಾರೂ ಅವನಿಗೆ ಹೇಳಲಿಲ್ಲ. ಯಂತ್ರದ ಸದ್ದು ಬದಲಾಯಿತು, ಬಾರ್ಜು ಹಿಂದಕ್ಕೆ ಬಂದು ದಡಕ್ಕೆ ತಾಗಿತು, ಮುದುಕನು ಹತ್ತಿದನು. ನನ್ನ ಶಿಷ್ಯನು ಗಡಿಯಾರವನ್ನು ನೋಡಿಕೊಂಡು ನಾಲಿಗೆಯನ್ನು ಲೊಚಗುಟ್ಟಿದನು. "ಊಟಕ್ಕೆ ಮರವಂತೆಗೆ ಮುಟ್ಟಬೇಕೆಂದಿದ್ದೆ, ಸಾರ್" ಎಂದನು. ನಾನು ಅವನನ್ನು ಆಕ್ಷೇಪಿಸಲಿಲ್ಲ. ಆಕ್ಷೇಪಿಸುವ ಅಧಿಕಾರವು ನನಗಿರಲಿಲ್ಲ. ಏಕೆಂಬುದನ್ನು ಈಗ ಹೇಳಬೇಕಾಗಿದೆ.

1987ರ ಮಾತು. ಮೆಟ್ರಿಕ್ ಪರೀಕ್ಷೆಯ ದಿನಗಳು. ನನಗೆ ಪಟ್ಟಣದ ಒಂದು ಶಾಲೆಯಲ್ಲಿ ಮೇಲ್ವಿಚಾರಣೆಯ ಕೆಲಸ ಬಿದ್ದಿತ್ತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಹೊರಡುವುದು ತಡವಾಯಿತು. ನಾನು ಹೆದ್ದಾರಿಗೆ ಬಂದು ಕೈಯೆತ್ತುತ್ತಿದ್ದಂತೆ ಬಸ್ಸು ಹೊರಟೇಹೋಯಿತು. ಕಂಡಕ್ಟರನು ನನ್ನನ್ನು ನೋಡಿಯೂ ನಿಲ್ಲಿಸಲಿಲ್ಲವೆಂದು ನನಗೆ ಬಹಳ ಕೋಪ ಬಂದಿತೆಂಬುದು ನೆನಪಿದೆ. ಮುಂದಿನ ಬಸ್ಸನ್ನು ಕಾಯುವ ತಾಳ್ಮೆಯಿಲ್ಲದೆ ನೆರೆಯವರ ಸೈಕಲನ್ನು ತೆಗೆದುಕೊಂಡು ಪಣಂಬೂರಿನ ಮೇಲಾಗಿ ತಣ್ಣೀರುಬಾವಿಗೆ ಹೋದೆನು. ಅಲ್ಲಿಂದ ಫಲ್ಗುಣಿಯನ್ನು ದೋಣಿಯಲ್ಲಿ ದಾಟಿದರೆ ಸುಲ್ತಾನ್ ಬತ್ತೇರಿ. ಟಿಪ್ಪುವಿನ ಕಾಲದ ಕಾವಲುಬುರುಜು ಇರುವ ಸ್ಥಳ. ಅಲ್ಲಿಂದ ಪಟ್ಟಣವು ದೂರವಲ್ಲ.

ದೋಣಿಯು ಹೊರಡುವುದರಲ್ಲಿತ್ತು. ನಾನು ಹತ್ತಿದೆನು. "ಬನ್ನಿ ಮಾಷ್ಟ್ರೇ" ಎಂದು ಅಂಬಿಗನು ನನಗೆ ಹಲಗೆಯ ಮೇಲೆ ಸ್ಥಳ ಮಾಡಿಸಿಕೊಟ್ಟನು. ಅವನು ಹುಟ್ಟನ್ನು ಹಿಡಿದಾಗ ಮರಳದಿಣ್ಣೆಯ ಮೇಲಿನಿಂದ ಒಬ್ಬ ವೃದ್ಧೆಯು ಕೈಯೆತ್ತಿ ಕೂಗುತ್ತ ಬರುತ್ತಿದ್ದಳು. ಇನ್ನೂ ಸಾಕಷ್ಟು ದೂರವಿತ್ತು. ಅಂಬಿಗನ ಕೈ ತಡೆಯಿತು. ಆಗ ನಾನು, "ಹೊತ್ತಾಯಿತು, ಬಿಡಿ, ಅವರು ಮುಂದಿನದಕ್ಕೆ ಬರಲಿ" ಎಂದೆನು. ದೋಣಿಯಲ್ಲಿದ್ದ ಇತರರು ಏನೂ ಹೇಳಲಿಲ್ಲ. ಅಂಬಿಗನು ಒಮ್ಮೆ ನನ್ನ ಮುಖವನ್ನು ನೋಡಿದನು, ದೋಣಿಯನ್ನು ನೂಕಿದನು. ನಾನು ಶಾಲೆಗೆ ಮುಟ್ಟಿದಾಗ ಗಂಟೆ ಹೊಡೆಯುವುದಕ್ಕೆ ಇನ್ನೂ ಕಾಲು ಗಂಟೆಯಿತ್ತು. ಗೇಟಿನ ಬಳಿಯ ಅಂಗಡಿಯಲ್ಲಿ ಕಾಫಿ ಕುಡಿದೆನು.

ಎರಡು ವಾರಗಳ ಬಳಿಕ ಅದೇ ಕಡವಿಗೆ ಹೋದಾಗ ಅಂಬಿಗನು ಮಾತಿನ ಮಧ್ಯದಲ್ಲಿ, ಆ ವೃದ್ಧೆಯ ತಮ್ಮನು ಪಟ್ಟಣದ ಆಸ್ಪತ್ರೆಯಲ್ಲಿ ಕೊನೆಯ ಸ್ಥಿತಿಯಲ್ಲಿದ್ದನೆಂದೂ, ಅವಳು ಹೋಗಿ ಸೇರುವಷ್ಟರಲ್ಲಿ ಜೀವ ಹೋಗಿತ್ತೆಂದೂ ಹೇಳಿದನು. ನನ್ನ ಮುಖವು ಬಾಡಿದುದನ್ನು ಕಂಡು ಅವನೇ ಸಮಾಧಾನ ಹೇಳಿದನು: "ನಮ್ಮ ದೋಣಿಗೆ ಬಂದಿದ್ದರೂ ಜೀವದಲ್ಲಿ ಸಿಗುತ್ತಿದ್ದರೋ ಇಲ್ಲವೋ, ಮಾಷ್ಟ್ರೇ. ದೇವರಿಗೇ ಗೊತ್ತು." ನಾನು ಕೂಲಿಯನ್ನು ಕೊಟ್ಟು ಇಳಿದೆನು. ಎಂದಿಗಿಂತ ಹೆಚ್ಚು ಕೊಡಹೋದಾಗ ಅವನು, "ಇದು ಯಾಕೆ?" ಎಂದು ಹಿಂದಕ್ಕೆ ಕೊಟ್ಟನು.

ಈ ಸಂಗತಿಯಲ್ಲಿ ನನ್ನ ದೋಷವಿರುವುದೋ ಇಲ್ಲವೋ, ಇದ್ದರೆ ಅದರ ಸ್ವರೂಪವೇನು ಎಂಬುದೇ ಪ್ರಕೃತ ವಿಚಾರ. ಶಾಸ್ತ್ರದ ಪದ್ಧತಿಯಂತೆ ನನಗೆ ಅನುಕೂಲವಾದ ಪಕ್ಷಗಳನ್ನೇ ಮೊದಲು ಹೇಳುತ್ತೇನೆ. ಅವನ್ನು ನಾನು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡವನು.

ಮೊದಲನೆಯ ಪಕ್ಷ: ನಾನು ಕೂಲಿ ಕೊಟ್ಟ ಪ್ರಯಾಣಿಕನು, ದೋಣಿಯನ್ನು ನಿಲ್ಲಿಸುವುದೂ ಬಿಡುವುದೂ ಅಂಬಿಗನ ಕರ್ತವ್ಯ, ಅದರ ಪಾಪಪುಣ್ಯಗಳು ಅವನವು. ಧರ್ಮಶಾಸ್ತ್ರವನ್ನು ತೆರೆದು ನೋಡಿದರೆ ಈ ಪಕ್ಷಕ್ಕೆ ಬಲವಿರುವಂತೆಯೇ ತೋರುವುದು. ಮನುವು ತನ್ನ ಎಂಟನೆಯ ಅಧ್ಯಾಯದಲ್ಲಿ ಕಡವಿನ ವ್ಯವಸ್ಥೆಯನ್ನು ಸ್ಪಷ್ಟವಾಗಿ ಹೇಳಿರುವನು. ಬಂಡಿಗೆ ಒಂದು ಪಣ, ಆಳಿನ ಹೊರೆಗೆ ಅರ್ಧ ಪಣ, ಪಶುವಿಗೂ ಸ್ತ್ರೀಗೂ ಕಾಲು ಪಣ, ಹೊರೆಯಿಲ್ಲದ ಗಂಡಸಿಗೆ ಅದರಲ್ಲಿ ಅರ್ಧ. ದಾಶರ ಅಪರಾಧದಿಂದ ದೋಣಿಯಲ್ಲಿ ವಸ್ತು ನಷ್ಟವಾದರೆ ಅವರೆಲ್ಲರೂ ಸೇರಿ ತಮ್ಮ ತಮ್ಮ ಪಾಲನ್ನು ಕೊಟ್ಟು ತುಂಬಬೇಕು. ದೈವಿಕವಾಗಿ ಆದುದಕ್ಕೆ ದಂಡವಿಲ್ಲ. ಕೌಟಿಲ್ಯನೂ ನಾವಧ್ಯಕ್ಷನ ಪ್ರಕರಣದಲ್ಲಿ ರಾಜಪುರುಷರ ಹೊಣೆಯನ್ನು ವಿಧಿಸಿರುವನು. ಆದರೆ ದೋಣಿಯೊಳಗೆ ಕುಳಿತವನಿಗೆ ದಡದಲ್ಲಿ ನಿಂತವನ ವಿಷಯದಲ್ಲಿ ಏನು ಧರ್ಮವೆಂಬುದನ್ನು ಈ ಪ್ರಕರಣಗಳು ಹೇಳುವುದಿಲ್ಲ. ಅಂಬಿಗನಿಗೆ ವಿಧಿಯಿದೆ, ಅರಸನಿಗೆ ವಿಧಿಯಿದೆ. ಪ್ರಯಾಣಿಕನಿಗೆ ಕೂಲಿಯ ವಿಧಿಯೊಂದೇ.

ಆದರೂ ಅದೇ ಪ್ರಕರಣಗಳಲ್ಲಿ ಇನ್ನೊಂದು ಮಾತಿದೆ. ಗರ್ಭಿಣಿಯರೂ ಸಂನ್ಯಾಸಿಗಳೂ ಬ್ರಹ್ಮಚಾರಿಗಳೂ ಕೂಲಿಯನ್ನು ಕೊಡಬೇಕಾಗಿಲ್ಲವೆಂದು ಮನುವು ಹೇಳುವನು. ಬಾಲರು, ವೃದ್ಧರು, ರೋಗಿಗಳು ಅಧ್ಯಕ್ಷನ ಮುದ್ರೆಯಿಂದ ಹಾಗೆಯೇ ದಾಟಬಹುದೆಂದು ಕೌಟಿಲ್ಯನು ಸೇರಿಸುವನು. ಇವರ ಭಾರವನ್ನು ಹೊತ್ತವರಾರು? ದೋಣಿಯಂತೂ ತಾನಾಗಿ ನಡೆಯದು. ಅಂಬಿಗನ ತೋಳು, ಕೂಲಿ ಕೊಟ್ಟವನ ಕಾಸು, ಇವೆರಡೇ ಅಲ್ಲವೆ? ಆದುದರಿಂದ ಕೂಲಿ ಕೊಡುವವನು ತನ್ನ ಸ್ಥಳವನ್ನು ಮಾತ್ರ ಕೊಳ್ಳುತ್ತಾನೆಂಬುದು ತಪ್ಪು. ಅವನ ಕಾಸಿನಲ್ಲಿ ಕೊಡಲಾರದವನ ಪಾಲೊಂದು ಮೊದಲಿನಿಂದಲೂ ಸೇರಿದೆ. ಅವನೇ ಬಾಲನಾಗಿದ್ದಾಗ ಇನ್ನೊಬ್ಬರ ಕಾಸಿನಲ್ಲಿ ದಾಟಿದವನು. ಸತ್ಯವತಿಯು ಯಮುನೆಯಲ್ಲಿ ದೋಣಿಯನ್ನು ನಡೆಸುತ್ತಿದ್ದುದು ತಂದೆಯ ಅಪ್ಪಣೆಯಂತೆ ಧರ್ಮಾರ್ಥವಾಗಿಯೆಂದು ಮಹಾಭಾರತವು ಹೇಳುವುದು. ಕಡವು ಅಂಗಡಿಯಾಗಿರಲಿಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಾಗಿಲ್ಲ. ಹಾಗೂ ನಾನು ಸುಮ್ಮನೆ ಕುಳಿತವನಲ್ಲ. ಅಂಬಿಗನು ತಡೆದಿದ್ದನು, ಬಿಡಿಸಿದವನು ನಾನು. ಮಾಷ್ಟ್ರೆಂಬ ಗೌರವಕ್ಕೆ ಅವನು ತಲೆಬಾಗಿದನು. ಅದೇ ಗೌರವಕ್ಕಾಗಿ ಇತರರು ಬಾಯಿ ಮುಚ್ಚಿದರು. ಹೀಗಿರಲು ಹೊಣೆಯನ್ನು ಅಂಬಿಗನ ಮೇಲೆ ಹೊರಿಸುವುದು ಅಧರ್ಮದ ಮೇಲೆ ಅಧರ್ಮವಾಗುವುದು.

ಎರಡನೆಯ ಪಕ್ಷ: ಒಬ್ಬರಿಗಾಗಿ ನಿಂತರೆ ಇನ್ನೊಬ್ಬರು ಬರುವರು, ಅವರಿಗಾಗಿ ನಿಂತರೆ ಮತ್ತೊಬ್ಬರು, ಇದು ಅನವಸ್ಥೆ, ದೋಣಿಯು ಎಂದಿಗೂ ಹೊರಡಲಾರದು. ಅತ್ತ ಪರೀಕ್ಷೆಗೆ ಕುಳಿತ ಮಕ್ಕಳೂ ಕಾಯುತ್ತಿರುವರು. ಈ ಪಕ್ಷವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಯುವುದು ಯಾವಾಗಲೂ ಧರ್ಮವಲ್ಲ. ಇಳಿತದ ವೇಳೆಯಲ್ಲಿ ತಡಮಾಡಿದರೆ ದೋಣಿಯು ಮರಳದಿಬ್ಬಕ್ಕೆ ಹತ್ತೀತು. ಭಾರವು ಮಿತಿಮೀರಿದ ದೋಣಿಗೆ ಇನ್ನೊಬ್ಬನನ್ನು ಹತ್ತಿಸುವುದು ದಯೆಯಲ್ಲ, ಒಳಗಿದ್ದವರಿಗೆ ಬಗೆದ ದ್ರೋಹ. ದೋಣಿಯೊಳಗೂ ಆಸ್ಪತ್ರೆಗೆ ಹೋಗುವವನಿರಬಹುದು. ಆದುದರಿಂದ ಓಡಿ ಬರುವವರಿಗಾಗಿ ಎಂದೆಂದಿಗೂ ನಿಲ್ಲಬೇಕೆಂಬ ವಿಧಿಯನ್ನು ಯಾರೂ ಮಾಡಲಾರರು. ಆದರೆ ಆ ದಿನ ನಾನು ಈ ಯಾವುದನ್ನೂ ತೂಗಿ ನೋಡಿದವನಲ್ಲ. ಹೊಳೆಯು ಶಾಂತವಾಗಿತ್ತು, ದೋಣಿಯಲ್ಲಿ ಸ್ಥಳವಿತ್ತು, ನನಗೆ ಕಾಲು ಗಂಟೆ ಮಿಕ್ಕಿತ್ತು. ತಕ್ಕಡಿಯನ್ನು ಹಿಡಿಯದೆಯೇ ತೂಕವನ್ನು ಹೇಳಿದವನ ಹಾಗಾಯಿತು ನನ್ನ ಕೆಲಸ.

ಮೂರನೆಯ ಪಕ್ಷವು ಅಂಬಿಗನು ಕರುಣೆಯಿಂದ ಹೇಳಿದುದು: ಅವಳು ಆ ದೋಣಿಗೆ ಬಂದಿದ್ದರೂ ಫಲವು ಬೇರೆಯಾಗುತ್ತಿತ್ತೆಂಬ ನಿಶ್ಚಯವಿಲ್ಲ. ಇದು ನಿಜ. ಆದರೆ ಇದರಿಂದ ನನಗೆ ಬಿಡುಗಡೆಯಾಗುವುದಾದರೆ, ಆಕೆಯ ತಮ್ಮನು ಬದುಕುಳಿದಿದ್ದರೆ ನಾನು ಮಾಡಿದುದು ಸರಿಯೆನಿಸುತ್ತಿತ್ತು. ಮರಣವಾದುದರಿಂದ ತಪ್ಪೆನಿಸಿತು ಎಂದಾಗುವುದು. ಹಾಗಾದರೆ ನನ್ನ ಕಾರ್ಯದ ಗುಣದೋಷಗಳು ಆಸ್ಪತ್ರೆಯ ಮಂಚದ ಮೇಲಿದ್ದ ಒಬ್ಬ ಅಪರಿಚಿತನ ಉಸಿರನ್ನು ಅವಲಂಬಿಸಿದಂತಾಯಿತು. ಇದು ಯುಕ್ತಿಗೆ ಒಪ್ಪುವ ಮಾತಲ್ಲ. ಫಲವು ಏನೇ ಆಗಿರಲಿ, ದಡದ ಮೇಲೆ ಕೈಯೆತ್ತಿದವಳನ್ನು ಕಂಡಾಗ ನಾನು ಮಾಡಿದುದು ಒಂದೇ. ಅವಳು ಬರಿಯ ಮೀನುಪೇಟೆಗೆ ಹೊರಟವಳೇ ಆಗಿದ್ದರೂ ನನ್ನ ದೋಷವು ಅಷ್ಟೇ ಇರುತ್ತಿತ್ತು. ಅದು ನನಗೆ ತಿಳಿಯುತ್ತಿರಲಿಲ್ಲ, ಅಷ್ಟೇ ಭೇದ. ಹೀಗೆ ತಿಳಿಯದೆ ಹೋದ ದೋಷಗಳು ಎಷ್ಟಿವೆಯೋ ಎಂದು ಯೋಚಿಸಿದಾಗ ಮನಸ್ಸು ಕುಗ್ಗುವುದು.

ಹಾಗಾದರೆ ಸಿದ್ಧಾಂತವೇನು? ನನಗೆ ತೋರಿದುದನ್ನು ಹೇಳುತ್ತೇನೆ. ದೋಣಿಯಲ್ಲಿ ಕುಳಿತವನು ದಡದಲ್ಲಿರುವವನಿಗೆ ತನ್ನ ಸ್ಥಳವನ್ನು ಬಿಟ್ಟುಕೊಡಬೇಕಾಗಿಲ್ಲ. ಮಿತಿಯಿಲ್ಲದೆ ತನ್ನ ಕಾಲವನ್ನೂ ಕೊಡಬೇಕಾಗಿಲ್ಲ. ಅವೆರಡೂ ಕೊಟ್ಟರೆ ಉಪಕಾರ. ಕೊಡದಿದ್ದರೆ ಯಾವಾಗಲೂ ಅಪರಾಧವೆನ್ನಲಾಗದು. ಆದರೆ ಅವನಿಗೆ ಸಲ್ಲಲೇಬೇಕಾದ ಒಂದು ವಸ್ತುವಿದೆ: ಒಂದು ವಿಚಾರಣೆ. "ಅವರು ಯಾರು? ಏನು ಅವಸರ?" ಎಂದು ಅಂಬಿಗನನ್ನಾದರೂ ಕೇಳುವುದು; ನಮ್ಮ ಅವಸರವನ್ನೂ ಅವರ ಅವಸರವನ್ನೂ ಕ್ಷಣಕಾಲ ಒಂದೇ ತಕ್ಕಡಿಯಲ್ಲಿಡುವುದು. ಇದು ಉಪಕಾರವಲ್ಲ, ಋಣ. ನಾನು ಅಂಬಿಗನನ್ನು ಕೇಳಿದ್ದರೆ ಅವನು ಹೇಳುತ್ತಿದ್ದನು. ಅವಳ ತಮ್ಮನು ಆಸ್ಪತ್ರೆಯಲ್ಲಿರುವುದು ಆ ದೋಣಿಯಲ್ಲಿ ನನ್ನೊಬ್ಬನ ಹೊರತು ಎಲ್ಲರಿಗೂ ತಿಳಿದಿತ್ತೆಂದು ಮುಂದೆ ಗೊತ್ತಾಯಿತು. ತಿಳಿದವರು ಸುಮ್ಮನಿದ್ದರು, ತಿಳಿಯದವನು ಅಪ್ಪಣೆ ಮಾಡಿದನು.

ಇದನ್ನು ಋಣವೆಂದು ಕರೆಯುವುದಕ್ಕೆ ಕಾರಣವೂ ಉಂಟು. ಬ್ರಾಹ್ಮಣನು ಋಷಿಗಳಿಗೆ, ದೇವತೆಗಳಿಗೆ, ಪಿತೃಗಳಿಗೆ ಮೂರು ಋಣಗಳೊಡನೆ ಹುಟ್ಟುವನೆಂದು ತೈತ್ತಿರೀಯ ಸಂಹಿತೆಯು ಹೇಳುವುದನ್ನು ಎಲ್ಲರೂ ಬಲ್ಲರು. ಶತಪಥ ಬ್ರಾಹ್ಮಣವು ನಾಲ್ಕನೆಯದೊಂದನ್ನು, ಮನುಷ್ಯರಿಗೆ ಸಲ್ಲಬೇಕಾದುದನ್ನು, ಎಣಿಸುವುದು; ಇತರರಿಗೆ ಆಶ್ರಯವನ್ನೂ ಅನ್ನವನ್ನೂ ಕೊಡುವುದರಿಂದ ಅದು ತೀರುವುದಂತೆ. ಈ ಋಣದ ವಿಶೇಷವೇನೆಂದರೆ, ಕೊಟ್ಟವನಿಗೇ ಅದನ್ನು ಹಿಂದಕ್ಕೆ ಕೊಡಲಾಗುವುದಿಲ್ಲ. ಮುಂದೆ ಬರುವವನಿಗೆ ಕೊಡಬೇಕು. ಅಂಬಿಗನು ನಾನು ಹೆಚ್ಚಾಗಿ ಕೊಡಹೋದ ಕಾಸನ್ನು ಹಿಂದಕ್ಕೆ ಕೊಟ್ಟಾಗ, ಶಾಸ್ತ್ರವನ್ನೋದದೆಯೇ ಈ ಸೂಕ್ಷ್ಮವನ್ನು ತಿಳಿದಿದ್ದನೆಂದು ಈಗ ನನಗೆ ತೋರುವುದು. ಅವನಿಗೆ ಸಲ್ಲತಕ್ಕದ್ದು ಕೂಲಿ, ಅದು ಸಂದಿತ್ತು. ಉಳಿದುದು ಆ ವೃದ್ಧೆಗೆ ಸಲ್ಲತಕ್ಕದ್ದು; ಅದನ್ನು ಅವನ ಕೈಯಲ್ಲಿಟ್ಟು ತೀರಿಸುವಂತಿರಲಿಲ್ಲ. ದೋಣಿಯಲ್ಲಿ ಕುಳಿತ ಪ್ರತಿಯೊಬ್ಬನೂ ಕ್ಷಣದ ಹಿಂದೆ ದಡದಲ್ಲಿದ್ದವನು. ಯಾರೋ ಒಬ್ಬರು ತಡೆದು ನಿಂತುದರಿಂದಲೇ ಹತ್ತಿದವನು. ನಾನು ಹತ್ತುವಾಗ ಆ ದೋಣಿಯು ಹೊರಡುವುದರಲ್ಲಿತ್ತೆಂದು ಮೇಲೆ ಹೇಳಿದೆನಷ್ಟೆ. ನನಗಾಗಿ ನಿಂತಿತ್ತು. ಬಸ್ಸು ನಿಲ್ಲದಿದ್ದುದಕ್ಕೆ ಕೋಪಿಸಿಕೊಂಡವನು, ದೋಣಿಯು ನಿಂತುದನ್ನು ಗಮನಿಸಲೇ ಇಲ್ಲ.

ಇಲ್ಲಿ ಒಂದು ಆಕ್ಷೇಪವು ಬರಬಹುದು: "ಈಗ ಕಡವುಗಳೇ ಕಡಮೆಯಾಗಿವೆ, ಸೇತುವೆಯ ಮೇಲೆ ಯಾರೂ ಯಾರಿಗೂ ಕಾಯಬೇಕಾಗಿಲ್ಲ, ಆದುದರಿಂದ ಋಣವೂ ತೀರಿತಲ್ಲವೆ?" ನನ್ನ ಅಭಿಪ್ರಾಯದಲ್ಲಿ ಋಣವು ತೀರಲಿಲ್ಲ, ಕೈಯೆತ್ತಿ ಕೂಗುವವರು ಕಣ್ಣಿಗೆ ಬೀಳದಂತಾದರು, ಅಷ್ಟೇ. ನಮ್ಮ ಊರನ್ನೇ ನೋಡಿರಿ. 1974ರಲ್ಲಿ ಮಹಾಬಂದರವೆಂದು ಘೋಷಿತವಾಗಿ 1975ರ ಜನವರಿಯಲ್ಲಿ ಇಂದಿರಾಗಾಂಧಿಯವರಿಂದ ಉದ್ಘಾಟಿತವಾದ ನವಮಂಗಳೂರು ಬಂದರಕ್ಕಾಗಿ ಪಣಂಬೂರು, ಬೈಕಂಪಾಡಿಗಳ ಎಷ್ಟೋ ಮನೆತನಗಳು ಗದ್ದೆ, ತೋಟ, ನಾಗಬನಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋದುವು. ಅವರ ಅಂಗಳಗಳಿದ್ದ ಕಡೆಯಲ್ಲಿ ಈಗ ಹಡಗುಗಳು ನಿಲ್ಲುತ್ತವೆ, ಲಾರಿಗಳು ಓಡುತ್ತವೆ. ಬಂದರವು ಬೇಡವಾಗಿತ್ತೆಂದು ನಾನು ಹೇಳುವುದಿಲ್ಲ. ಸಾವಿರಾರು ಮಂದಿಯ ಅನ್ನವು ಅದರಿಂದ ನಡೆಯುತ್ತಿದೆ. ಆದರೆ ಈ ಅಗಲವಾದ ಮಾರ್ಗದಲ್ಲಿ ನಿಲ್ಲದೆ ಹೋಗುವ ನಮ್ಮಲ್ಲಿ ಎಷ್ಟು ಮಂದಿ, ಇದಕ್ಕಾಗಿ ಎದ್ದು ಹೋದವರು ಎಲ್ಲಿ ಹೋದರು, ಹೇಗಿದ್ದಾರೆ ಎಂದು ಒಮ್ಮೆಯಾದರೂ ಕೇಳಿದವರು? ಸುಂಕದ ಕಟ್ಟೆಯಲ್ಲಿ ಕೊಡುವ ಹಣವು ಮಾರ್ಗದ ಕ್ರಯವಾದೀತು. ಆ ಪ್ರಶ್ನೆಯ ಕ್ರಯವಾಗಲಾರದು.

ಸೇತುವೆಯ ಮೇಲೆ ಹೋಗುವವನು ಯಾರ ಕೈಯಲ್ಲಿಯೂ ಇಲ್ಲವೆಂಬುದೂ ಭ್ರಾಂತಿಯೇ. 2024ರ ಆಗಸ್ಟು 7ರ ನಡುರಾತ್ರಿ ಕಾರವಾರದ ಬಳಿ ಕಾಳೀನದಿಯ ಹಳೆಯ ಸೇತುವೆಯು ಕುಸಿದುದನ್ನು ವಾಚಕರು ಮರೆತಿರಲಾರರು. ಒಂದು ಲಾರಿಯು ನೀರಿಗೆ ಬಿದ್ದಿತು. ದೂರದ ತಮಿಳುನಾಡಿನವನಾದ ಅದರ ಚಾಲಕನು ಬದುಕಿದನು. ಆ ಕತ್ತಲೆಯಲ್ಲಿ ಅವನನ್ನು ಉಳಿಸುವುದರಲ್ಲಿ ಪೊಲೀಸರೊಂದಿಗೆ ಅಲ್ಲಿಯ ಮೀನುಗಾರರೂ ಕೈಗೂಡಿಸಿದ್ದರು. ಅವನು ಅವರ ಊರಿನವನಲ್ಲ. ಅವರ ದೋಣಿಗೆ ಕೂಲಿ ಕೊಟ್ಟವನಲ್ಲ. ನಾಲ್ಕು ದಶಕಗಳಿಂದ ವಾಹನಗಳು ಅವರ ತಲೆಯ ಮೇಲಿನಿಂದಲೇ ಹಾದುಹೋಗುತ್ತಿದ್ದುವು. ಆದರೂ ಕೂಗು ಕೇಳಿದಾಗ ಅವರು, "ಮುಂದಿನದಕ್ಕೆ ಬರಲಿ" ಎನ್ನಲಿಲ್ಲ.

ಈಗ ಕೋಡಿಬೆಂಗ್ರೆಯ ಬಾರ್ಜಿಗೆ ಹಿಂದಿರುಗೋಣ. ಆ ಮುದುಕನು ಹತ್ತಿ ಬಂದು ನಮ್ಮ ಕಾರಿನ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತನು. ಎಲ್ಲಿಗೆ ಪ್ರಯಾಣವೆಂದು ನಾನು ಕೇಳಿದೆನು. ಹಂಗಾರಕಟ್ಟೆಯಲ್ಲಿ ಮೊಮ್ಮಗಳಿದ್ದಾಳೆ, ಅವಳಿಗೆ ಹಲಸಿನ ಹಪ್ಪಳ ಕೊಟ್ಟುಬರಬೇಕೆಂದನು. ಅಷ್ಟೇ. ಪ್ರಾಣಸಂಕಟವಿರಲಿಲ್ಲ, ಆಸ್ಪತ್ರೆಯಿರಲಿಲ್ಲ, ಒಂದು ಚೀಲ ಹಪ್ಪಳ. ನನ್ನ ಶಿಷ್ಯನು ನಗುವನ್ನು ತಡೆದುಕೊಂಡನು. ನಾನಾದರೆ ಬಾರ್ಜು ಹಿಂದಿರುಗಿದುದು ಸರಿಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರಕಲಾರದೆಂದು ಎಣಿಸಿದೆನು. ಹಪ್ಪಳವೋ ಮರಣವೋ ಎಂಬುದು ದಡದಿಂದ ಹತ್ತು ಮಾರು ದೂರದಲ್ಲಿ ನಿಂತವನಿಗೆ ಕಾಣುವುದಿಲ್ಲ. ಕೈಯೆತ್ತಿದುದು ಮಾತ್ರ ಕಾಣುವುದು. ಐದು ನಿಮಿಷದ ನಷ್ಟವು ನಮಗೆ ಹೊರಲಾರದ ಭಾರವಾಗಿರಲಿಲ್ಲ. ಮರವಂತೆಯಲ್ಲಿ ಸೌಪರ್ಣಿಕೆಗೂ ಕಡಲಿಗೂ ನಡುವಿನ ಮಾರ್ಗದಲ್ಲಿ ಕಾರನ್ನು ನಿಲ್ಲಿಸಿದಾಗ ಶಿಷ್ಯನೇ ಕೇಳಿದನು: "ಸಾರ್, ಅಲ್ಲಿ ಯಾಕೆ ಅಷ್ಟು ಹೊತ್ತು ಸುಮ್ಮನಿದ್ದಿರಿ?" ಆಗ ಅವನಿಗೆ 1987ರ ಸಂಗತಿಯನ್ನು ಹೇಳಿದೆನು. ಮೂವತ್ತು ವರ್ಷ ಮಕ್ಕಳಿಗೆ ನೀತಿಪಾಠವನ್ನು ಹೇಳಿದವನು ಈ ಒಂದು ಪಾಠವನ್ನು ಯಾವ ತರಗತಿಯಲ್ಲಿಯೂ ಹೇಳಿರಲಿಲ್ಲ.

ಆ ವೃದ್ಧೆಯನ್ನು ನಾನು ಮತ್ತೆ ಕಂಡು ಕ್ಷಮೆ ಕೇಳಿದೆನೆಂದು ಬರೆದಿದ್ದರೆ ಲೇಖನಕ್ಕೆ ಶೋಭೆ ಬರುತ್ತಿತ್ತು. ಆದರೆ ಹಾಗೆ ಆಗಲಿಲ್ಲ. ಹೋಗಬೇಕೆಂದು ಹಲವು ಸಲ ಎಣಿಸಿದೆನು, ನಾಚಿಕೆಯು ತಡೆಯಿತು, ಆಮೇಲೆ ಅವಳು ತೀರಿಕೊಂಡಳೆಂದು ಕೇಳಿದೆನು. ಆದುದರಿಂದ ಋಣವು ಮುಂದಿನವರ ಕಡೆಗೇ ಸಲ್ಲಬೇಕಾಗಿ ಉಳಿದಿದೆ. ಅದರ ಒಂದು ಅಂಶವಾದರೂ ಈ ಬರವಣಿಗೆಯಿಂದ ತೀರಲೆಂದು ಹಾರೈಸುತ್ತೇನೆ. ವಿಚಾರದಲ್ಲಿ ದೋಷವಿದ್ದರೆ ಬಲ್ಲವರು ತಿದ್ದಬೇಕಾಗಿ ಪ್ರಾರ್ಥನೆ.